ಚರ್ಚಿನ ಬಾಗಿಲಲ್ಲಿ ನಿಂತ ಕ್ಯಾಪ್ಟನ್: ನ್ಯೂ ಫ್ರಾನ್ಸ್‌ನ ಊರ ಮಿಲಿಷಿಯಾ ನಾಯಕನನ್ನು ದಾಖಲೆಗಳಲ್ಲಿ ಹುಡುಕುವುದು ಹೇಗೆ?

ಭಾನುವಾರದ ಬಲಿಪೂಜೆ ಮುಗಿದಿದೆ. ಜನ ಚರ್ಚಿನಿಂದ ಹೊರಗೆ ಬರುತ್ತಿದ್ದಾರೆ. ಬಾಗಿಲ ಹತ್ತಿರ ಒಬ್ಬ ರೈತ ಕೈಯಲ್ಲಿ ಕಾಗದ ಹಿಡಿದು ನಿಂತಿದ್ದಾನೆ. ಅವನನ್ನು ಕಂಡ ಕೂಡಲೇ ಯಾರೂ ಮನೆ ಕಡೆ ಹೆಜ್ಜೆ ಹಾಕುವುದಿಲ್ಲ. ಅವನು ಗಟ್ಟಿಯಾಗಿ ಓದುತ್ತಾನೆ: ಬೇಲಿ ಸರಿ ಮಾಡಿಕೊಳ್ಳಿ, ರಸ್ತೆ ಕೆಲಸಕ್ಕೆ ಬನ್ನಿ, ಚರ್ಚಿನಿಂದ ಹೊರಡುವಾಗ ಕುದುರೆ ಓಡಿಸಬೇಡಿ. ಓದಿ ಮುಗಿದ ಮೇಲೆ ಅವನೂ ಎಲ್ಲರ ಹಾಗೆ ತನ್ನ ಹೊಲದ ಕಡೆ ಹೊರಡುತ್ತಾನೆ.

ಅವನೇ ಮಿಲಿಷಿಯಾ ಕ್ಯಾಪ್ಟನ್, ಅಂದರೆ ಊರ ಗಂಡಸರನ್ನೇ ಸೇರಿಸಿ ಕಟ್ಟಿದ ಪಡೆಯ ನಾಯಕ. ಜಾಗ ಸೇಂಟ್ ಲಾರೆನ್ಸ್ ನದಿಯ ದಂಡೆ. ಈಗ ಅದು ಕೆನಡಾದ ಕ್ವಿಬೆಕ್ ಪ್ರಾಂತ್ಯ, 1760ರ ತನಕ ನ್ಯೂ ಫ್ರಾನ್ಸ್ ಎಂಬ ಫ್ರಾನ್ಸ್‌ನ ವಸಾಹತು. ವಸಾಹತು ಆಡಳಿತ ಅಂದ ಕೂಡಲೇ ನಮಗೆ ಗವರ್ನರ್, ಕೋಟೆ, ಫಿರಂಗಿ ನೆನಪಾಗುತ್ತವೆ. ಆದರೆ ಸರ್ಕಾರ ಊರಿನೊಳಗೆ ಹೇಗೆ ಇಳಿಯುತ್ತಿತ್ತು ಅನ್ನುವುದು ಗೊತ್ತಾಗಬೇಕಾದರೆ ಈ ಮನುಷ್ಯನ ಹಿಂದೆ ಹೋಗಬೇಕು. ನನಗೆ ಇವನ ಮೇಲೆ ತುಂಬಾ ಆಸಕ್ತಿ. ಮೇಲಿನವರ ಕಾಗದ ಮತ್ತು ಅಕ್ಕಪಕ್ಕದವರ ಒಪ್ಪಿಗೆ, ಇವೆರಡೂ ಇದ್ದರೆ ಮಾತ್ರ ಇವನ ಮಾತು ನಡೆಯುತ್ತಿತ್ತು. ಒಂದು ತಪ್ಪಿದರೂ ಇವನು ಬರೀ ಇನ್ನೊಬ್ಬ ರೈತ.

ಕ್ವಿಬೆಕ್‌ನಲ್ಲಿ ನೆಲೆಸಿ ತಮ್ಮ ಊರಿನ ಹಳೆಯ ಕಥೆ ತಿಳಿಯಬೇಕು ಅನ್ನುವ ಕನ್ನಡಿಗರಿಗೆ, ವಸಾಹತು ಇತಿಹಾಸ ಓದುವ ವಿದ್ಯಾರ್ಥಿಗಳಿಗೆ ಈ ದಾರಿ ಬರೆಯುತ್ತಿದ್ದೇನೆ. ಫ್ರೆಂಚ್ ಪೂರ್ತಿ ಬರಬೇಕೆಂದಿಲ್ಲ. ಸಹನೆ ಬೇಕು.

ಹಂತ 1: ಒಂದೇ ಒಂದು ಊರು ಹಿಡಿಯಿರಿ

ಇಡೀ ವಸಾಹತನ್ನು ಒಟ್ಟಿಗೆ ಓದಲು ಹೋಗಬೇಡಿ. ಒಂದು ಪ್ಯಾರಿಷ್, ಅಂದರೆ ಒಂದು ಚರ್ಚು ಮತ್ತು ಅದಕ್ಕೆ ಸೇರಿದ ಮನೆಗಳು, ಸಾಕು. ಮಿಲಿಷಿಯಾ ಕಟ್ಟಿದ್ದೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ. ಒಂದು ಪ್ಯಾರಿಷ್‌ಗೆ ಒಂದು ಕಂಪನಿ, ಅಂದರೆ ಒಂದು ದಳ, ಜನ ಜಾಸ್ತಿ ಇದ್ದರೆ ಒಂದಕ್ಕಿಂತ ಹೆಚ್ಚು.

ಇಲ್ಲಿ ಒಂದು ಪದ ಗೊತ್ತಿರಲಿ: 'ಕೋತ್'. ನದಿ ದಂಡೆಗುಂಟ ಸಾಲಾಗಿ ಮನೆಗಳಿರುವ ಪಟ್ಟಿಗೆ ಹಾಗೆ ಹೇಳುತ್ತಿದ್ದರು. ಪ್ರತಿ ರೈತನ ಜಮೀನು ನದಿಯಿಂದ ಹಿಂದಕ್ಕೆ ಉದ್ದಕ್ಕೆ ಚಾಚಿಕೊಂಡಿರುತ್ತಿತ್ತು, ಮನೆಗಳು ಮಾತ್ರ ನೀರಿನ ಹತ್ತಿರ. ಹಾಗಾಗಿ ಹಳೆಯ ಕಾಗದಗಳಲ್ಲಿ ನಮ್ಮ ಮನುಷ್ಯ 'ಕಪಿತೇನ್ ದ ಮಿಲಿಸ್' ಅಂತಲೂ ಸಿಗುತ್ತಾನೆ, 'ಕಪಿತೇನ್ ದ ಲಾ ಕೋತ್' ಅಂತಲೂ ಸಿಗುತ್ತಾನೆ. ಎರಡೂ ಒಬ್ಬನೇ.

ಹಂತ 2: ಯಾವ ಕಾಲ ಅಂತ ಮೊದಲೇ ಗುರುತು ಹಾಕಿಕೊಳ್ಳಿ

ಇದನ್ನು ಬಿಟ್ಟರೆ ಮುಂದೆ ಎಲ್ಲವೂ ಕಲಸಿಹೋಗುತ್ತದೆ. ಹುದ್ದೆಯ ಹೆಸರು ಒಂದೇ, ಆದರೆ ಕಾಲ ಬದಲಾದ ಹಾಗೆ ಕೆಲಸ ಬದಲಾಯಿತು.

1663ರಲ್ಲಿ ಮಾಂಟ್ರಿಯಲ್‌ನ ಗವರ್ನರ್ ಮೆಜೊನ್ನವ್ ಊರಿನ ಗಂಡಸರನ್ನು ಏಳೇಳು ಜನರ ಗುಂಪು ಮಾಡಿ ಕಾವಲಿಗೆ ಹಾಕಿದ. ಹೊಲಕ್ಕೆ ಹೋದವರು ಜೀವಂತ ವಾಪಸ್ ಬರುವುದೇ ಕಷ್ಟ ಅನ್ನುವ ದಿನಗಳು ಅವು. ಆಗ ಇರೋಕ್ವಾ ಎಂಬ ಅಲ್ಲಿನ ಮೂಲನಿವಾಸಿಗಳೊಂದಿಗೆ ಯುದ್ಧ ನಡೆಯುತ್ತಿತ್ತು. 1669ರಲ್ಲಿ 14ನೇ ಲೂಯಿ ರಾಜ ಗವರ್ನರ್ ಕೂರ್ಸೆಲ್‌ಗೆ ಬರೆದು, ಇಡೀ ವಸಾಹತಿನ ಗಂಡಸರನ್ನು ಕಂಪನಿಗಳಾಗಿ ಕಟ್ಟಲು ಹೇಳಿದ. 16ರಿಂದ 60 ವರ್ಷದ ಒಳಗಿನ, ಬಂದೂಕು ಹಿಡಿಯಬಲ್ಲ ಗಂಡಸರೆಲ್ಲ ಸೇರಬೇಕಾಯಿತು. ಪಾದ್ರಿಗಳಂಥ ಕೆಲವರಿಗೆ ಮಾತ್ರ ವಿನಾಯಿತಿ. ಅಲ್ಲಿಂದ 1760ರ ತನಕ ಮೊದಲ ಕಾಲ.

1760ರ ಸೆಪ್ಟೆಂಬರ್ 8ರಂದು ಮಾಂಟ್ರಿಯಲ್ ಬ್ರಿಟಿಷರಿಗೆ ಶರಣಾಯಿತು. 1764ರ ತನಕ ಸೇನೆಯ ಆಡಳಿತ, ಇದು ಎರಡನೆಯ ಕಾಲ. ಆಮೇಲೆ 1775-76ರ ಅಮೆರಿಕನ್ ದಾಳಿ, ಅದರ ಬೆನ್ನಿಗೇ 1777ರ ಮಿಲಿಷಿಯಾ ಕಾನೂನು. ಕೊನೆಗೆ 1837ರ ಬಂಡಾಯ. ಈ ಇಸವಿಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿಕೊಳ್ಳಿ. ಯಾವ ಕಾಗದ ಸಿಕ್ಕಿದರೂ ಮೊದಲು ಇಸವಿ ನೋಡಿ, ಆಮೇಲೆ ಓದಿ.

ಹಂತ 3: ಎರಡು ಬಗೆಯ ಕ್ಯಾಪ್ಟನ್‌ಗಳನ್ನು ಬೇರೆ ಮಾಡಿ

ನಾನು ಶುರುವಿನಲ್ಲಿ ಎಡವಿದ್ದು ಇಲ್ಲೇ. 'ಕಪಿತೇನ್' ಅಂತ ಕಂಡವರನ್ನೆಲ್ಲ ಒಂದೇ ಪಟ್ಟಿಗೆ ಹಾಕಿಕೊಂಡಿದ್ದೆ. ಆಮೇಲೆ ಅರ್ಧ ಪಟ್ಟಿ ಹೊಡೆದುಹಾಕಬೇಕಾಯಿತು.

ನ್ಯೂ ಫ್ರಾನ್ಸ್‌ನಲ್ಲಿ ಸಂಬಳದ ಸೈನ್ಯವೂ ಇತ್ತು. ಅದಕ್ಕೆ 'ತ್ರೂಪ್ ದ ಲಾ ಮರೀನ್' ಎಂಬ ಹೆಸರು. ಅದರ ಕ್ಯಾಪ್ಟನ್‌ಗಳು ಬಹುಮಟ್ಟಿಗೆ ದೊಡ್ಡ ಮನೆತನದವರು, ಸಂಬಳ ಪಡೆಯುವವರು. ನಮ್ಮ ಮಿಲಿಷಿಯಾ ಕ್ಯಾಪ್ಟನ್ ಸಾಮಾನ್ಯವಾಗಿ 'ಅಬಿತಾಂ', ಅಂದರೆ ಉಳುವ ರೈತ. ಅವನಿಗೆ ಸಂಬಳವಿಲ್ಲ. ಯುದ್ಧಕ್ಕೆ ಜನ ಹೊರಟಾಗಲೂ ಅವರ ಮೇಲೆ ಹೆಚ್ಚಾಗಿ ಸಂಬಳದ ಸೈನ್ಯದ ಅಧಿಕಾರಿಗಳೇ ಇರುತ್ತಿದ್ದರು. ಹಾಗಾಗಿ ಯುದ್ಧದ ವರದಿಗಳಲ್ಲಿ ಊರ ಕ್ಯಾಪ್ಟನ್ನನ್ನು ಹುಡುಕಿದರೆ ಕೈಗೆ ಸಿಗುವುದು ಕಡಿಮೆ.

ಸೆನ್ಯೂರ್, ಅಂದರೆ ಜಮೀನ್ದಾರ, ಇವನೂ ಬೇರೆ. ಊರಿನಲ್ಲಿ ಮೂರು ಜನರಿಗೆ ಬೆಲೆ: ಸೆನ್ಯೂರ್, ಪಾದ್ರಿ, ಕ್ಯಾಪ್ಟನ್. ರೈತ ಸೆನ್ಯೂರ್‌ಗೆ ವರ್ಷದ ಗೇಣಿ ಕೊಡುತ್ತಿದ್ದ. ಪಾದ್ರಿಗೆ ಧಾನ್ಯದಲ್ಲಿ 26ರಲ್ಲಿ ಒಂದು ಪಾಲು ಹೋಗುತ್ತಿತ್ತು. ಕ್ಯಾಪ್ಟನ್‌ಗೆ ಏನೂ ಕೊಡುವುದಿರಲಿಲ್ಲ. ಆದರೂ ಅವನು ಕರೆದರೆ ಹೋಗಲೇಬೇಕು.

ನಮ್ಮ ಓದುಗರಿಗೆ ತಕ್ಷಣ ಹಳೇ ಮೈಸೂರಿನ ಪಟೇಲ ನೆನಪಾಗುತ್ತಾನೆ. ಹೋಲಿಕೆ ಸ್ವಲ್ಪ ದೂರ ನಡೆಯುತ್ತದೆ, ಅಷ್ಟೇ. ಪಟೇಲನಿಗೆ ಕಂದಾಯದ ಕೆಲಸವೇ ಮುಖ್ಯ, ಪಟೇಲಿಕೆ ಬಹಳ ಕಡೆ ವಂಶಪಾರಂಪರ್ಯವಾಗಿ ಬರುತ್ತಿತ್ತು. ಇಲ್ಲಿ ರೈತನ ಜಮೀನಿನ ಮೇಲೆ ರಾಜನ ನೇರ ಕಂದಾಯವೇ ಇರಲಿಲ್ಲ. ಕ್ಯಾಪ್ಟನ್ ಕೇಳುತ್ತಿದ್ದುದು ದುಡ್ಡನ್ನಲ್ಲ. ಜನರ ಸಮಯ, ಅವರ ಗಾಡಿ, ಅವರ ಮಕ್ಕಳು, ಇವನ್ನು ಕೇಳುತ್ತಿದ್ದ. ಈ ವ್ಯತ್ಯಾಸ ತಲೆಯಲ್ಲಿಟ್ಟುಕೊಂಡು ಓದಿ.

ಹಂತ 4: ಇಂಟೆಂಡೆಂಟ್‌ನ ಆದೇಶಗಳನ್ನು ತೆಗೆಯಿರಿ

ಕ್ಯಾಪ್ಟನ್‌ಗೆ ಇಬ್ಬರು ಯಜಮಾನರು. ನೇಮಕದ ಪತ್ರ ಕೊಡುವವನು ಗವರ್ನರ್ ಜನರಲ್. ದಿನದಿನದ ಕೆಲಸ ಹೇಳುವವನು ಇಂಟೆಂಡೆಂಟ್, ಅಂದರೆ ನ್ಯಾಯ, ಪೊಲೀಸ್, ಹಣಕಾಸು ನೋಡುವ ಅಧಿಕಾರಿ. ಹಳ್ಳಿಗಳಲ್ಲಿ ಇಂಟೆಂಡೆಂಟ್‌ಗೆ ಬೇರೆ ನೌಕರರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗಾಗಿ ಸೈನ್ಯಕ್ಕೆಂದು ಮಾಡಿದ ಹುದ್ದೆ ನಿಧಾನವಾಗಿ ಊರಿನ ಸರ್ಕಾರವೇ ಆಗಿಹೋಯಿತು.

ಇಂಟೆಂಡೆಂಟ್‌ಗಳ ಆದೇಶಗಳು ಕ್ವಿಬೆಕ್‌ನ ಬಿಬ್ಲಿಯೊತೆಕ್ ಎ ಆರ್ಶೀವ್ ನಾಸಿಯೊನಾಲ್‌ನಲ್ಲಿ ಇವೆ. ಬಹಳಷ್ಟನ್ನು ಮನೆಯಲ್ಲೇ ಕೂತು ಇಂಟರ್ನೆಟ್‌ನಲ್ಲಿ ನೋಡಬಹುದು. ನಿಮ್ಮ ಪ್ಯಾರಿಷ್‌ನ ಹೆಸರು ಹಾಕಿ ಹುಡುಕಿ. ಸಿಕ್ಕಿದ ಆದೇಶದಲ್ಲಿ ಮೊದಲು ಕೊನೆಯ ಸಾಲುಗಳನ್ನು ಓದಿ. 'ಚರ್ಚಿನ ಬಾಗಿಲಲ್ಲಿ, ಪೂಜೆ ಮುಗಿದ ಮೇಲೆ, ಓದಿ ಪ್ರಕಟಿಸಬೇಕು' ಎಂಬ ಅರ್ಥದ ಮಾತು ಅಲ್ಲೇ ಇರುತ್ತದೆ. ಯಾರು ಓದಬೇಕು, ಯಾರು ಜಾರಿಗೆ ತರಬೇಕು ಅನ್ನುವುದೂ ಅಲ್ಲೇ.

ವಿಷಯಗಳನ್ನು ನೋಡಿದರೆ ಊರು ಕಣ್ಣ ಮುಂದೆ ಬರುತ್ತದೆ. ಪಕ್ಕದವನ ಹೊಲಕ್ಕೆ ನುಗ್ಗಿದ ದನ, ಮುರಿದ ಬೇಲಿ, ಓಡಿಬಂದ ಸೈನಿಕನಿಗೆ ಆಸರೆ ಕೊಟ್ಟವರು. 1709ರಲ್ಲಿ ಇಂಟೆಂಡೆಂಟ್ ರೋದೋ ಹೊರಡಿಸಿದ ಒಂದು ಆದೇಶ ನನಗೆ ಬಹಳ ಇಷ್ಟ. ಒಬ್ಬ ರೈತನಿಗೆ ಎರಡು ಕುದುರೆ, ಒಂದು ಮರಿ, ಅದಕ್ಕಿಂತ ಜಾಸ್ತಿ ಇಟ್ಟುಕೊಳ್ಳಬಾರದು ಅಂತ. ಜನ ದನ ಸಾಕುವುದು ಬಿಟ್ಟು ಕುದುರೆ ಸಾಕುತ್ತಿದ್ದಾರೆ, ಚಳಿಗಾಲದಲ್ಲಿ ಹಿಮದ ಮೇಲೆ ನಡೆಯುವ ಅಭ್ಯಾಸವೇ ತಪ್ಪಿಹೋಗುತ್ತಿದೆ ಅನ್ನುವುದು ಅವನ ದೂರು. ಆದೇಶ ಅಷ್ಟಾಗಿ ನಡೆಯಲಿಲ್ಲ. ಯಾಕೆ ನಡೆಯಲಿಲ್ಲ ಅಂತ ಊಹಿಸುವುದು ಕಷ್ಟವಲ್ಲ. ಪಕ್ಕದ ಮನೆಯವನ ಮೂರನೇ ಕುದುರೆಯನ್ನು ಹಿಡಿದುಕೊಡಲು ಯಾವ ಕ್ಯಾಪ್ಟನ್‌ಗೆ ಮನಸ್ಸು ಬರುತ್ತದೆ? ನಾಳೆ ಬೆಳಿಗ್ಗೆ ಅದೇ ಮುಖ ನೋಡಬೇಕಲ್ವಾ?

ಹಾಗಾಗಿ ಒಂದು ಆದೇಶ ಸಿಕ್ಕಿದರೆ ಅಲ್ಲಿಗೇ ನಿಲ್ಲಬೇಡಿ. ಅದೇ ವಿಷಯದ ಮೇಲೆ ಮತ್ತೆ ಮತ್ತೆ ಆದೇಶ ಬಂದಿದೆಯಾ ನೋಡಿ. ಬಂದಿದ್ದರೆ ಮೊದಲನೆಯದನ್ನು ಜನ ಕೇಳಿಲ್ಲ ಅಂತಲೇ ಅರ್ಥ.

ಹಂತ 5: ರಸ್ತೆಯ ಜಾಡು ಹಿಡಿಯಿರಿ

ಕ್ಯಾಪ್ಟನ್‌ನ ಅಧಿಕಾರ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ರಸ್ತೆಯಲ್ಲಿ. ಅಲ್ಲಿ 'ಕೊರ್ವೇ' ಅಂತ ಒಂದು ಪದ್ಧತಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಬಿಟ್ಟಿ ಕೆಲಸ. ಪ್ರತಿ ಮನೆಯವರು ತಮ್ಮ ಜಮೀನಿನ ಮುಂದಿನ ರಸ್ತೆ ಸರಿ ಇಡಬೇಕು, ಸೇತುವೆಗೆ, ಚರಂಡಿಗೆ ಎಲ್ಲರೂ ಸೇರಿ ದುಡಿಯಬೇಕು. ಯಾರು ಯಾವ ದಿನ ಬರಬೇಕು, ಯಾರ ಎತ್ತು, ಯಾರ ಗಾಡಿ ಅಂತ ಗೊತ್ತು ಮಾಡುವವನು ಕ್ಯಾಪ್ಟನ್.

ಕ್ವಿಬೆಕ್ ಪಟ್ಟಣದಿಂದ ಮಾಂಟ್ರಿಯಲ್ ತನಕ ಇರುವ ಶೆಮಾಂ ದ್ಯು ರ್‌ವಾ, ಅಂದರೆ ರಾಜರಸ್ತೆ, ಹುಟ್ಟಿದ್ದೇ ಹೀಗೆ. ರಸ್ತೆಗಳ ಮುಖ್ಯ ಅಧಿಕಾರಿ ಲಾನೂಯೆ ದ ಬ್ವಾಕ್ಲೇರ್ 1731ರಲ್ಲಿ ಕೆಲಸಕ್ಕೆ ಇಳಿದ. 1737ಕ್ಕೆ ಗಾಡಿ ಓಡುವಂಥ ರಸ್ತೆ ಆಯಿತು. ಉದ್ದ ಸುಮಾರು 280 ಕಿಲೋಮೀಟರ್, ಅಗಲ 24 ಅಡಿ. ಇಷ್ಟು ದೊಡ್ಡ ಕೆಲಸ ನಡೆದದ್ದು ಊರೂರಿನ ರೈತರ ಕೈಯಿಂದ, ಊರೂರಿನ ಕ್ಯಾಪ್ಟನ್‌ಗಳ ಕರೆಯಿಂದ. ಇವತ್ತು 138ನೇ ಹೆದ್ದಾರಿ ಬಹುಪಾಲು ಅದೇ ದಾರಿಯಲ್ಲಿ ಸಾಗುತ್ತದೆ. ನೀವು ಆ ಕಡೆ ಇದ್ದರೆ ಒಂದು ಭಾನುವಾರ ಕಾರು ತೆಗೆದುಕೊಂಡು ಹೊರಡಿ. ಪ್ರತಿ ಊರಿನ ಚರ್ಚಿನ ಹತ್ತಿರ ನಿಲ್ಲಿಸಿ ನೋಡಿ. ಚರ್ಚು, ರಸ್ತೆ, ನದಿ ಇವು ಮೂರೂ ಎಷ್ಟು ಹತ್ತಿರ ಹತ್ತಿರ ಇವೆ ಅನ್ನುವುದು ನಕ್ಷೆ ನೋಡಿದರೆ ಗೊತ್ತಾಗುವುದಿಲ್ಲ.

ರಸ್ತೆ ಅಧಿಕಾರಿಯ ವರದಿಗಳನ್ನು ಹುಡುಕಿ. ಅವನು ಊರಿಗೆ ಬಂದಾಗ ಜನರನ್ನು ಸೇರಿಸಿ, ರಸ್ತೆ ಎಲ್ಲಿ ಹೋಗಬೇಕು ಅಂತ ಗೊತ್ತು ಮಾಡಿ ಬರೆದಿಡುತ್ತಿದ್ದ. ನಿಮ್ಮ ಊರಿನ ಕ್ಯಾಪ್ಟನ್ನೂ ಜಗಳ ತೆಗೆದ ರೈತರೂ ಒಂದೇ ಕಾಗದದಲ್ಲಿ ಸಿಗುವುದು ಇಂಥಲ್ಲಿ. ಚಳಿಗಾಲದ ಕೆಲಸವನ್ನೂ ಮರೆಯಬೇಡಿ. ಹಿಮ ಬಿದ್ದ ಮೇಲೆ ರಸ್ತೆ ಎಲ್ಲಿ, ಹೊಲ ಎಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಎರಡೂ ಬದಿಗೆ ಚಿಕ್ಕ ಫರ್ ಮರದ ಕೊಂಬೆಗಳನ್ನು ನೆಟ್ಟು ದಾರಿ ಗುರುತು ಮಾಡುತ್ತಿದ್ದರು. ಇವಕ್ಕೆ 'ಬಾಲಿಜ್' ಅನ್ನುತ್ತಿದ್ದರು. ಹಿಮದ ಬಿರುಗಾಳಿಯಲ್ಲಿ ಒಂದು ಕೊಂಬೆ ತಪ್ಪಿದರೆ ಜೀವವೇ ಹೋಗುವ ಜಾಗ ಅದು.

ಹಂತ 6: ಯುದ್ಧಕ್ಕೆ ಯಾರು ಹೋದರು ಅಂತ ಕೇಳಿ

ಗವರ್ನರ್‌ನಿಂದ 'ನಿಮ್ಮ ಪ್ಯಾರಿಷ್‌ನಿಂದ ಇಷ್ಟು ಜನ' ಅಂತ ಮಾತು ಬಂದರೆ, ಯಾರ ಮನೆಯ ಮಗ ಹೊರಡಬೇಕು ಅಂತ ಹೇಳುವವನು ಕ್ಯಾಪ್ಟನ್. ಬಿತ್ತನೆ ಕಾಲದಲ್ಲಿ ಈ ಮಾತು ಎಷ್ಟು ಭಾರ ಅಂತ ರೈತರ ಮನೆಯಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. 1759ರ ಸೆಪ್ಟೆಂಬರ್ 13ರಂದು ಕ್ವಿಬೆಕ್‌ನ ಹೊರಗೆ, ಏಬ್ರಹಾಂ ಬಯಲಿನಲ್ಲಿ ಬ್ರಿಟಿಷರೆದುರು ಸೋತ ಫ್ರೆಂಚ್ ಸೈನ್ಯದಲ್ಲಿ ಇಂಥ ರೈತರು ಬಹಳ ಜನ ಇದ್ದರು. ಸೇನಾಪತಿ ಮೊಂಕಾಲ್ಮ್ ಮಿಲಿಷಿಯಾದವರಲ್ಲಿ ಕೆಲವರನ್ನು ತನ್ನ ಫ್ರೆಂಚ್ ಪಡೆಗಳ ಒಳಗೇ ಸೇರಿಸಿಬಿಟ್ಟಿದ್ದ.

ಹಂತ 7: ಚರ್ಚಿನ ಪುಸ್ತಕಗಳಲ್ಲಿ ಮನುಷ್ಯನನ್ನು ಕಾಣಿ

ಈ ತನಕ ಸಿಕ್ಕಿದ್ದು ಹುದ್ದೆ. ಮನುಷ್ಯ ಸಿಗುವುದು ಜ್ಞಾನಸ್ನಾನ, ಮದುವೆ, ಸಮಾಧಿಯ ದಾಖಲೆಗಳಲ್ಲಿ. ಫ್ಯಾಮಿಲಿಸರ್ಚ್ ಎಂಬ ತಾಣದಲ್ಲಿ ಖಾತೆ ತೆರೆದರೆ ಕ್ವಿಬೆಕ್‌ನ ಹಳೆಯ ಪ್ಯಾರಿಷ್ ಪುಸ್ತಕಗಳ ಚಿತ್ರಗಳನ್ನು ದುಡ್ಡಿಲ್ಲದೆ ನೋಡಬಹುದು. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಇದೇ ದಾಖಲೆಗಳಿಂದ ಮನೆತನಗಳನ್ನು ಜೋಡಿಸಿ ದೊಡ್ಡ ಸಂಗ್ರಹ ಮಾಡಿದ್ದಾರೆ.

ಪುಟ ತೆರೆದ ಮೇಲೆ ಮೂರು ವಿಷಯ ನೋಡಿ.

ಮೊದಲನೆಯದು ಧರ್ಮತಂದೆ ಯಾರು ಅನ್ನುವುದು. ಊರಿನ ಎಷ್ಟು ಮಕ್ಕಳಿಗೆ ಕ್ಯಾಪ್ಟನ್ ಧರ್ಮತಂದೆಯಾಗಿ ನಿಂತಿದ್ದಾನೆ ಅಂತ ಎಣಿಸಿ. ಜನ ಅವನನ್ನು ಹತ್ತಿರದವನು ಅಂದುಕೊಂಡಿದ್ದರಾ ಇಲ್ಲವಾ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ನನಗೆ ಗೊತ್ತಿಲ್ಲ.

ಎರಡನೆಯದು ಸಹಿ. ಬಹಳಷ್ಟು ದಾಖಲೆಗಳ ಕೊನೆಯಲ್ಲಿ 'ಸಹಿ ಮಾಡಲು ಬರುವುದಿಲ್ಲ ಎಂದು ಹೇಳಿದರು' ಅಂತ ಪಾದ್ರಿ ಬರೆದಿರುತ್ತಾನೆ. ನಿಮ್ಮ ಕ್ಯಾಪ್ಟನ್ ಸಹಿ ಮಾಡಿದ್ದಾನಾ? ಮಾಡಿದ್ದರೆ ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿ. ಪಾದ್ರಿಯ ಬರವಣಿಗೆ ಸರಾಗವಾಗಿ ಹರಿದಿರುತ್ತದೆ. ಅದರ ಕೆಳಗೆ ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ಬರೆದ ಹೆಸರು. ನೇಗಿಲು ಹಿಡಿದ ಕೈ ಲೇಖನಿ ಹಿಡಿದದ್ದು ಅಲ್ಲಿ ಕಾಣುತ್ತದೆ. ಸಹಿ ಬಾರದವನೂ ಕ್ಯಾಪ್ಟನ್ ಆಗಿರಬಹುದು. ಆಗ ಆದೇಶ ಓದುತ್ತಿದ್ದವರು ಯಾರು ಅನ್ನುವುದು ನಿಮ್ಮ ಮುಂದಿನ ಪ್ರಶ್ನೆ.

ಮೂರನೆಯದು ಹೆಸರಿನ ತೊಡಕು. ಅಲ್ಲಿ ಒಬ್ಬನಿಗೆ ಎರಡು ಮನೆಹೆಸರು ಇರುವುದು ಮಾಮೂಲು. ಮಧ್ಯೆ 'ದಿ' ಅಂತ ಬರುತ್ತದೆ, 'ಎಂದು ಕರೆಯುವ' ಅಂತ ಅರ್ಥ. ಲಾಫ್ಲೂರ್, ಅಂದರೆ ಹೂವು, ಇಂಥ ಅಡ್ಡಹೆಸರುಗಳು ಎಷ್ಟೋ ಸೈನಿಕರಿಂದ ಬಂದವು. ಒಂದು ಕಡೆ ಮೊದಲ ಹೆಸರು, ಇನ್ನೊಂದು ಕಡೆ ಎರಡನೆಯದು ಬರೆದಿರುತ್ತಾರೆ. ಎರಡನ್ನೂ ಹಾಕಿ ಹುಡುಕದಿದ್ದರೆ ಅರ್ಧ ಜೀವನ ತಪ್ಪಿಹೋಗುತ್ತದೆ.

ಚರ್ಚಿನ ಲೆಕ್ಕಪತ್ರ ಸಿಕ್ಕರೆ ಬೆಂಚಿನ ವಿಷಯ ನೋಡಿ. ಕ್ಯಾಪ್ಟನ್‌ಗೆ ಸಂಬಳ ಇರಲಿಲ್ಲ ಅಂದೆನಲ್ಲ, ಗೌರವ ಇತ್ತು. ಸೆನ್ಯೂರ್‌ನ ನಂತರದ ಮರ್ಯಾದೆಯ ಬೆಂಚು ಅವನದು. ಮೆರವಣಿಗೆಯಲ್ಲಿ ಅವನಿಗೊಂದು ಜಾಗ. ಹರಸಿದ ರೊಟ್ಟಿಯನ್ನು ಹಂಚುವಾಗ ಅವನಿಗೆ ಬೇರೆಯವರಿಗಿಂತ ಮೊದಲು ಕೊಡಬೇಕು. ಇದರ ಮೇಲೆ ಜಗಳಗಳೂ ಆಗುತ್ತಿದ್ದವು. ಜಾತ್ರೆಯಲ್ಲಿ ಮೊದಲ ತಾಂಬೂಲ ಯಾರಿಗೆ ಅಂತ ಹೊಡೆದಾಡಿದ ಊರುಗಳನ್ನು ಬಲ್ಲ ನಮಗೆ ಇದು ಸಣ್ಣ ವಿಷಯ ಅನ್ನಿಸಬಾರದು.

ಹಂತ 8: ದೊರೆ ಬದಲಾದಾಗ ಅವನು ಏನಾದ?

ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಮುಖ್ಯ ಹಂತ ಇದು.

1760ರಲ್ಲಿ ಬ್ರಿಟಿಷರ ಕೈಗೆ ಬಂದ ಕೆನಡಾದಲ್ಲಿ ಸುಮಾರು 70 ಸಾವಿರ ಫ್ರೆಂಚ್ ಜನ. ಭಾಷೆ ಬೇರೆ, ಧರ್ಮ ಬೇರೆ. ಇಂಟೆಂಡೆಂಟ್ ಫ್ರಾನ್ಸ್‌ಗೆ ಹೊರಟುಹೋದ. ಊರು ನಡೆಸುವವರು ಯಾರು? ಸೇನಾಪತಿ ಆಮ್ಹರ್ಸ್ಟ್ ಮಿಲಿಷಿಯಾ ಕ್ಯಾಪ್ಟನ್‌ಗಳನ್ನೇ ಉಳಿಸಿಕೊಂಡ. ಸಣ್ಣಪುಟ್ಟ ವ್ಯಾಜ್ಯಗಳನ್ನು ಅವರೇ ರಾಜಿ ಮಾಡಿಸಬೇಕು, ಆಗದಿದ್ದರೆ ಬ್ರಿಟಿಷ್ ಅಧಿಕಾರಿಯ ಹತ್ತಿರ ಕಳಿಸಬೇಕು ಅಂತ ಗೊತ್ತು ಮಾಡಿದ. 1761ರಲ್ಲಿ ಮಾಂಟ್ರಿಯಲ್‌ನ ಗವರ್ನರ್ ಗೇಜ್ ತನ್ನ ಪ್ರದೇಶದ ಹಳ್ಳಿಗಾಡನ್ನು ಐದು ಭಾಗ ಮಾಡಿದ. ಒಂದೊಂದು ಭಾಗದಲ್ಲಿ ಕ್ಯಾಪ್ಟನ್‌ಗಳು ಹದಿನೈದು ದಿನಕ್ಕೊಮ್ಮೆ ಸೇರಿ ನ್ಯಾಯ ಹೇಳಬೇಕು. ನಿನ್ನೆ ಬೇಲಿ ನೋಡುತ್ತಿದ್ದ ರೈತ ಇವತ್ತು ನ್ಯಾಯಾಧೀಶ! ಆ ನ್ಯಾಯಸಭೆಗಳ ದಾಖಲೆಯಲ್ಲಿ ನಿಮ್ಮ ಊರಿನವನ ಹೆಸರು ಸಿಕ್ಕಿತೋ, ಅದೃಷ್ಟ ಅನ್ನಿ. ಕಾನೂನು ಓದದವರು ತಮ್ಮವರ ಜಗಳಗಳನ್ನು ತಮ್ಮ ಭಾಷೆಯಲ್ಲೇ ಬಿಡಿಸಿದ ನಾಲ್ಕು ವರ್ಷ ಅದು. 1764ರಲ್ಲಿ ನಾಗರಿಕ ಸರ್ಕಾರ ಬಂದ ಮೇಲೆ ಈ ಏರ್ಪಾಡು ನಿಂತಿತು. ಊರುಗಳಿಗೆ ಬೇಲಿಫ್‌ಗಳು, ಅಂದರೆ ಆದೇಶ ಜಾರಿ ಮಾಡುವ ಊರ ಅಧಿಕಾರಿಗಳು, ಬಂದರು.

1775ರಲ್ಲಿ ಮತ್ತೊಂದು ಪರೀಕ್ಷೆ. ಬಂಡಾಯ ಎದ್ದ ಅಮೆರಿಕನ್ನರು ಕೆನಡಾಕ್ಕೆ ನುಗ್ಗಿದರು. ಗವರ್ನರ್ ಕಾರ್ಲ್‌ಟನ್ ಮಿಲಿಷಿಯಾವನ್ನು ಕರೆದ. ಬಹಳ ಊರುಗಳಲ್ಲಿ ಜನ ಬರಲಿಲ್ಲ. ಕೆಲವು ಕ್ಯಾಪ್ಟನ್‌ಗಳು ರಾಜನ ಪರ ನಿಂತರು, ಕೆಲವರು ಅಮೆರಿಕನ್ನರ ಕೆಲಸ ಮಾಡಿದರು, ಇನ್ನೆಷ್ಟೋ ಜನ ಯಾರು ಗೆಲ್ಲುತ್ತಾರೆ ಅಂತ ಕಾದರು. ದಾಳಿ ಸೋತ ಮೇಲೆ 1776ರ ಮೇ ತಿಂಗಳಿಂದ ಜುಲೈ ತನಕ ಬಾಬಿ, ತಾಶರೋ, ವಿಲಿಯಮ್ಸ್ ಎಂಬ ಮೂವರು ಕ್ವಿಬೆಕ್ ಸುತ್ತಲಿನ ಪ್ಯಾರಿಷ್‌ಗಳಿಗೆ ಹೋಗಿ ವಿಚಾರಣೆ ಮಾಡಿದರು. ಊರವರನ್ನು ಸೇರಿಸಿ, ಯಾರು ಏನು ಮಾಡಿದರು ಅಂತ ಕೇಳಿ, ತಪ್ಪಿದ ಅಧಿಕಾರಿಗಳ ನೇಮಕದ ಪತ್ರವನ್ನು ಎಲ್ಲರೆದುರು ಕಿತ್ತುಕೊಂಡು, ಬೇರೆಯವರನ್ನು ನೇಮಿಸಿದರು. ಅವರು ಊರೂರಿನ ಬಗ್ಗೆ ಬರೆದಿಟ್ಟ ದಿನಚರಿ ಉಳಿದಿದೆ. ನಿಮ್ಮ ಪ್ಯಾರಿಷ್ ಆ ಭಾಗದ್ದಾದರೆ ಅದನ್ನು ಬಿಡಲೇಬೇಡಿ.

ಆ ದಿನಚರಿಯನ್ನು ಓದುವಾಗ ಒಂದು ಎಚ್ಚರ ಬೇಕು. ಬರೆದವರು ಗೆದ್ದವರ ಕಡೆಯವರು. 'ದ್ರೋಹಿ' ಅಂತ ಅವರು ಗುರುತು ಹಾಕಿದವನು ತನ್ನ ಊರನ್ನು ಬೆಂಕಿಯಿಂದ ಉಳಿಸಿದವನೂ ಆಗಿರಬಹುದು. ಬಂದೂಕು ಹಿಡಿದವರು ಬಂದು ಹಿಟ್ಟು ಕೇಳಿದಾಗ ಕೊಡಿಸದೆ ಇದ್ದರೆ ಏನಾಗುತ್ತಿತ್ತು ಅಂತಲೂ ಯೋಚಿಸಿ.

ಹಂತ 9: ಅಂಗಳದಲ್ಲಿ ಮರ ಇತ್ತಾ ನೋಡಿ

ಮೇ 1ರಂದು ಊರವರು ಒಂದು ಎತ್ತರದ ಫರ್ ಮರ ಕಡಿದು ತರುತ್ತಿದ್ದರು. ಕೊಂಬೆ ಸವರಿ, ತೊಗಟೆ ತೆಗೆದು, ತುದಿಯಲ್ಲಿ ಮಾತ್ರ ಒಂದು ಹಸಿರು ಗೊಂಚಲು ಉಳಿಸುತ್ತಿದ್ದರು. ಅದನ್ನು ಕ್ಯಾಪ್ಟನ್‌ನ ಮನೆ ಮುಂದೆ ನೆಡುತ್ತಿದ್ದರು. ಆಮೇಲೆ ಬಂದೂಕಿಗೆ ಗುಂಡಿಲ್ಲದೆ ಬರೀ ಮದ್ದು ತುಂಬಿ ಆ ಬಿಳಿ ಕಂಬಕ್ಕೆ ಹೊಡೆಯುತ್ತಿದ್ದರು. ಕಂಬ ಎಷ್ಟು ಕಪ್ಪಾದರೆ ಅಷ್ಟು ಮರ್ಯಾದೆ. ಕ್ಯಾಪ್ಟನ್ ಎಲ್ಲರಿಗೂ ಬ್ರಾಂಡಿ, ಊಟ ಕೊಡುತ್ತಿದ್ದ. ಈ ಕಂಬಕ್ಕೆ 'ಮೇ' ಅಂತಲೇ ಹೆಸರು.

1837ರಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ಪತ್ರಿಯೋತ್‌ಗಳು, ಅಂದರೆ 'ದೇಶಭಕ್ತರು' ಎಂದು ಕರೆದುಕೊಂಡ ಬಂಡಾಯಗಾರರು, ಎದ್ದರು. ಸಭೆಗಳಿಗೆ ಹೋದ ಮಿಲಿಷಿಯಾ ಅಧಿಕಾರಿಗಳನ್ನು ಗವರ್ನರ್ ಗಾಸ್‌ಫರ್ಡ್ ಕೆಲಸದಿಂದ ತೆಗೆದ. ಇನ್ನು ಕೆಲವರು ತಾವಾಗಿಯೇ ರಾಜೀನಾಮೆ ಕೊಟ್ಟರು. ನಮ್ಮ ಅಧಿಕಾರಿಗಳನ್ನು ನಾವೇ ಆರಿಸುತ್ತೇವೆ ಅನ್ನುವ ಮಾತು ಊರುಗಳಲ್ಲಿ ಎದ್ದಿತು. ರಾಜೀನಾಮೆ ಕೊಡದವನ ಮನೆ ಮುಂದೆ ರಾತ್ರಿ ಜನ ಸೇರಿ ತಗಡು ಬಡಿದು, ಕೂಗಾಡಿ, ನಿದ್ದೆಗೆಡಿಸುತ್ತಿದ್ದರು. ಹಾಗೆ ಬಂದವರು ಕೆಲವು ಕಡೆ ಅಂಗಳದ ಮೇ ಕಂಬವನ್ನು ಕಡಿದು ಉರುಳಿಸಿದರು. ತಾವೇ ನೆಟ್ಟು ಕೊಟ್ಟಿದ್ದ ಮರ್ಯಾದೆ ಅದು.

ಬಂಡಾಯದ ನಂತರ ಸಾಕ್ಷಿಗಳು ಕೊಟ್ಟ ಹೇಳಿಕೆಗಳು ಆರ್ಕೈವ್‌ನಲ್ಲಿವೆ. ರಾತ್ರಿ ಎಷ್ಟು ಜನ ಬಂದರು, ಏನು ಕೂಗಿದರು, ಮರ ಹೇಗೆ ಬಿತ್ತು ಅಂತ ಕ್ಯಾಪ್ಟನ್‌ಗಳೇ ಹೇಳಿದ ಮಾತು ಅಲ್ಲಿ ಸಿಗಬಹುದು. ಹುಡುಕುವಾಗ ಊರಿನ ಹೆಸರಿನ ಜೊತೆಗೆ ಕೌಂಟಿಯ ಹೆಸರನ್ನೂ ಹಾಕಿ.

ಹಂತ 10: ಕೊನೆಗೆ ಸಾವಿನ ಕಾಗದ

ನೋಟರಿ ಮಾಡಿದ ಆಸ್ತಿಪಟ್ಟಿ ಇದ್ದರೆ ತೆಗೆಸಿ. ಯಜಮಾನ ಅಥವಾ ಯಜಮಾನಿ ತೀರಿಕೊಂಡ ಮೇಲೆ ನೋಟರಿ ಮನೆಗೆ ಬಂದು ಒಂದೊಂದು ಕೋಣೆಯ ಸಾಮಾನನ್ನೂ ಬರೆದುಕೊಳ್ಳುತ್ತಿದ್ದ. ಎಷ್ಟು ಹಸು, ಎಷ್ಟು ಮಡಕೆ, ಬಂದೂಕು ಒಂದೋ ಎರಡೋ, ಪುಸ್ತಕ ಇತ್ತೋ ಇಲ್ಲವೋ. ಯಾರಿಗೆ ಸಾಲ ಕೊಟ್ಟಿದ್ದ ಅನ್ನುವ ಭಾಗವನ್ನು ಬಿಡದೆ ಓದಿ. ಊರಿನ ಅರ್ಧ ಜನ ಅವನಿಗೆ ಬಾಕಿ ಇದ್ದರೆ, ಅವನು ಕರೆದಾಗ ಬೇಗ ಬರುತ್ತಿದ್ದುದಕ್ಕೆ ಇನ್ನೊಂದು ಕಾರಣವೂ ಸಿಕ್ಕಿದಂತೆ.

ಆಮೇಲೆ ಸಮಾಧಿಯ ದಾಖಲೆ. ಹೆಸರಿನ ಮುಂದೆ ಪಾದ್ರಿ 'ಕಪಿತೇನ್ ದ ಮಿಲಿಸ್' ಅಂತ ಬರೆದಿದ್ದಾನಾ, ಬರೀ 'ಅಬಿತಾಂ' ಅಂತ ಬರೆದಿದ್ದಾನಾ ನೋಡಿ. ಎಲ್ಲಿ ಹೂಳಿದರು ಅನ್ನುವುದನ್ನೂ ನೋಡಿ. ಕೆಲವರನ್ನು ಹೊರಗಿನ ಸ್ಮಶಾನದಲ್ಲಿ ಹೂಳದೆ ಚರ್ಚಿನ ಒಳಗೇ, ನೆಲದ ಹಲಗೆಗಳ ಕೆಳಗೆ ಹೂಳುತ್ತಿದ್ದರು. ಕೆಳಗೆ ಸಾಕ್ಷಿಗಳ ಹೆಸರು ಇರುತ್ತವೆ. ಆ ಹೆಸರುಗಳನ್ನು ಬರೆದುಕೊಂಡು ರಸ್ತೆ ಅಧಿಕಾರಿಯ ವರದಿಯ ಪಕ್ಕದಲ್ಲಿಡಿ. ಸೇತುವೆ ಕೆಲಸಕ್ಕೆ ಬರುವುದಿಲ್ಲ ಅಂತ ಅವನೊಡನೆ ಜಗಳ ತೆಗೆದಿದ್ದವನ ಹೆಸರು ಇಲ್ಲೂ ಇದೆಯಾ ಅಂತ ಹುಡುಕಿ.